ಮೋಹನದಾಸನ ಅಡ್ರೆಸ್ಸಿಗೆ ಬಂದ ಕವರುಗಳು

ಹೆದರುವುದಕ್ಕೆ ಮೋಹನದಾಸನಿಗೆ ಕಾರಣವೇ ಬೇಕಾಗಿರಲಿಲ್ಲ. ಲೋಕಲ್ ಟ್ರೇನಿನ ಪಾಸು ಕಿಸೆಯಲ್ಲಿ ಬೆಚ್ಚಗಿದ್ದರೂ ಟೀಸಿಯ ಕಪ್ಪು ಕೋಟು ಕಂಡರೆ ಸಾಕು, ಅವನ ಮುಖ ಟಿಕೆಟಿಲ್ಲದವನ ಮುಖವಾಗುತ್ತಿತ್ತು. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವುದು ಅವನ ಕೆಲಸ. ಪೊಲೀಸಿನವನೊಬ್ಬ ಇಡ್ಲಿ ತಿಂದು, ಬಾಯಿ ಒರೆಸಿಕೊಂಡು, ದುಡ್ಡು ಕೊಡಲೆಂದು ಗಲ್ಲಾದ ಹತ್ತಿರ ಬಂದರೆ ಇವನು ಎದ್ದು ನಿಂತು, ಕೋಳ ಹಾಕಿ ಎಂಬಂತೆ ಎರಡೂ ಕೈ ಮುಂದೆ ಚಾಚಿಬಿಡುತ್ತಿದ್ದ. ಪೊಲೀಸಿನವನು ಆ ಕೈಯಲ್ಲಿ ನೋಟು ಇಟ್ಟು ಚಿಲ್ಲರೆಗಾಗಿ ಕಾಯುತ್ತಿದ್ದ.

ಇಂಥ ಮೋಹನದಾಸನೂ ಒಂದು ವಿಷಯದಲ್ಲಿ ಮಾತ್ರ ಮಹಾ ಧೈರ್ಯಶಾಲಿ. ಅದು ಅವನ ಅಡ್ರೆಸ್ಸಿನ ವಿಷಯ.

ಮುಂಬಯಿಯ ಕಡೆ ಮಲಗಲು ಜಾಗ ಸಿಗುತ್ತದೆ, ಅಡ್ರೆಸ್ ಸಿಗುವುದಿಲ್ಲ. ಹೋಟೆಲಿನ ಹುಡುಗರು ಹೋಟೆಲಿನ ಅಟ್ಟದಲ್ಲೇ ಮಲಗುತ್ತಾರೆ, ಕಟ್ಟಡ ಕಟ್ಟುವವರು ಆ ಕಟ್ಟಡದ ಬುಡದ ತಗಡಿನ ಶೆಡ್ಡಿನಲ್ಲಿ. ಆದರೆ ಆಧಾರ್ ಕಾರ್ಡಿಗೆ ಅಡ್ರೆಸ್ ಬೇಕು, ಬ್ಯಾಂಕಿಗೆ ಬೇಕು, ಗ್ಯಾಸಿಗೆ ಬೇಕು, ಮೊಬೈಲಿನ ಸಿಮ್ಮಿಗೂ ಬೇಕು. ಮೋಹನದಾಸನೂ ಪ್ರಾಯದಲ್ಲಿ ವರ್ಷಗಟ್ಟಲೆ ಅಟ್ಟದಲ್ಲಿ ಮಲಗಿದವನೇ. ಡೊಂಬಿವಲಿ ಪೂರ್ವದ ಸಾಯಿ ದರ್ಶನ ಸೊಸೈಟಿಯ ಎರಡನೆಯ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಸ್ವಂತದ್ದಾದ ದಿನ ಅವನಿಗೆ ಮನೆ ಸಿಕ್ಕಿದ್ದಕ್ಕಿಂತ ಅಡ್ರೆಸ್ ಸಿಕ್ಕಿದ್ದೇ ಹೆಚ್ಚಿನ ಹೆಮ್ಮೆಯಾಯಿತು. ಅಂದಿನಿಂದ ಅವನು ಬಂದವರಿಗೆ ಚಹಾ ಕೊಟ್ಟಷ್ಟು ಸಲೀಸಾಗಿ ಅಡ್ರೆಸ್ ಕೊಡತೊಡಗಿದ.

"ಎಂತಕ್ಕೆ ತಲೆಬಿಸಿ? ನಮ್ಮ ಅಡ್ರೆಸ್ ಹಾಕಿ ಮಾರಾಯ್ರೆ!"

ಮೊದಲು ಹಾಕಿದವನು ಅವನ ಊರಿನವನೇ ಆದ ಚನಿಯ. ಸಾನಪಾಡಾದ ಹೋಟೆಲಿನಲ್ಲಿ ಅಡುಗೆಯ ಭಟ್ಟಿ ನೋಡಿಕೊಳ್ಳುವವನು. ಆಮೇಲೆ ಚನಿಯನ ಹೋಟೆಲಿನ ಸಪ್ಲಾಯರುಗಳಾದ ರಿತೇಶ ಮತ್ತು ಯೋಗೀಶ. ಆಮೇಲೆ ರಾಯಚೂರಿನ ಕಡೆಯ ಯಂಕಪ್ಪ ಮತ್ತು ಅವನ ಹೆಂಡತಿ ಮರಗಮ್ಮ. ಮೋಹನದಾಸನ ಹೋಟೆಲಿನ ಹಿಂದೆ ಹೊಸ ಕಟ್ಟಡ ಏಳುವಾಗ ಇಟ್ಟಿಗೆ ಹೊರುತ್ತಿದ್ದ ಜೋಡಿ ಅದು; ಈಗ ಕಲ್ಯಾಣದ ಕಡೆ ಯಾವುದೋ ಸೈಟಿನಲ್ಲಿದ್ದರು. ಊರಿನಿಂದ ಕರೆತಂದ ಮಗಳನ್ನು ಶಾಲೆಗೆ ಸೇರಿಸಿದ್ದೂ ಇದೇ ಅಡ್ರೆಸ್ಸಿನ ಮೇಲೆ.

ಮೋಹನದಾಸನ ಹೆಂಡತಿ ಸತ್ಯಭಾಮಾ ಆಗಾಗ ಹೇಳುವುದಿತ್ತು: "ನಮಗೆ ಮೂರು ಜನಕ್ಕೆ ಕಾಲು ಚಾಚಿ ಮಲಗ್ಲಿಕ್ಕೆ ಜಾಗ ಇಲ್ಲ. ಕಾಗದದಲ್ಲಿ ಮಾತ್ರ ಇಲ್ಲಿ ಒಂದು ಗ್ರಾಮವೇ ಉಂಟು."

ಆ ಗ್ರಾಮಕ್ಕೆ ಒಂದು ಸಂಜೆ ಅಂಚೆ ಬಂತು.

ಕೆಲಸ ಮುಗಿಸಿ ಬಂದ ಮೋಹನದಾಸ ಮೆಟ್ಟಿಲಿನ ಕೆಳಗಿನ ಟಪ್ಪಾಲು ಪೆಟ್ಟಿಗೆ ನೋಡಿದರೆ ಅದರ ಬಾಗಿಲು ತಾನೇ ತೆರೆದುಕೊಂಡಿತ್ತು. ಒಳಗೆ ತುರುಕಿದ್ದ ಕವರುಗಳು ಹೊರಗೆ ಇಣುಕುತ್ತಿದ್ದವು. ಒಂದು ಬರೇ ಕಂದು ಬಣ್ಣದ್ದು. ಇನ್ನೊಂದು ಆಕಾಶ ನೀಲಿ. ಮತ್ತೊಂದರ ಮೇಲೆ ಅಪ್ಪ, ಅಮ್ಮ, ಮಕ್ಕಳು ಹಲ್ಲು ತೋರಿಸಿ ನಗುವ ಫೋಟೋ. ಒಂದು ಕವರಿನ ಹೊಟ್ಟೆ ಉಬ್ಬಿತ್ತು, ಒತ್ತಿದರೆ ಒಳಗೆ ಏನೋ ಗಟ್ಟಿ ಸಿಗುತ್ತಿತ್ತು. ಎಲ್ಲದರ ಮೇಲೂ ಸರಕಾರದ ಮೊಹರು. ಎಲ್ಲದರ ಮೇಲೂ ಬೇರೆಬೇರೆ ಹೆಸರು: ಚನಿಯ, ರಿತೇಶ, ಯೋಗೀಶ, ಯಂಕಪ್ಪ, ಮರಗಮ್ಮ. ಎಲ್ಲದರ ಕೆಳಗೂ ಒಂದೇ ಸಾಲು: ಕೇರ್ ಆಫ್ ಮೋಹನದಾಸ.

ಕೊನೆಯ ಕವರು ಮೋಹನದಾಸನ ಸ್ವಂತ ಹೆಸರಿಗೇ ಇತ್ತು. ಅದಕ್ಕೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ, ಪಟ್ಟಿಯೊಳಗೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ 'ತುರ್ತು, ನಿಮ್ಮ ಉತ್ತರ ನಿರೀಕ್ಷಿಸಲಾಗಿದೆ' ಎಂದು ಅಚ್ಚಾಗಿತ್ತು. ಅವನು ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟ. ಮೇಲಿನ ಮಾಳಿಗೆಯ ಹೆಂಗಸು ಭಾಜಿಯ ಚೀಲ ಹಿಡಿದು ಅವನನ್ನು ದಾಟಿಹೋಗುವಾಗ "ತಬ್ಯೇತ್ ಬರೀ ಆಹೇ ನಾ?" ಎಂದು ಆರೋಗ್ಯ ವಿಚಾರಿಸಿದರೆ, "ನಾನೇನೂ ಮಾಡಿಲ್ಲ" ಎಂದು ಕನ್ನಡದಲ್ಲೇ ಉತ್ತರ ಕೊಟ್ಟ.

ಮನೆಯಲ್ಲಿ ಮಗಳು ನಿಶ್ಮಿತಾ ಕಾಲೇಜಿನಿಂದ ಬಂದು ಮೊಬೈಲು ನೋಡುತ್ತಿದ್ದಳು. ಕವರುಗಳ ಮೂಲೆಯ ಸಣ್ಣಕ್ಷರದ ಕಡೆ ಒಂದು ಸಲ ಕಣ್ಣು ಹಾಯಿಸಿ, "ಪಪ್ಪಾ, ಸರ್ವೇ ಕಾ ಇನ್ವಿಟೇಶನ್ ಹೈ. ವಾರಂಟ್ ಥೋಡಿ ಹೈ. ಖೋಲ್ ಕೇ ದೇಖೋ ನಾ," ಅಂದಳು. ಇದು ಸರ್ವೆಯ ಆಮಂತ್ರಣ, ವಾರಂಟೇನಲ್ಲ, ಒಡೆದು ನೋಡಿದರಾಯಿತು ಎಂಬ ಇಷ್ಟು ಸರಳವಾದ ಬುದ್ಧಿವಾದವನ್ನು ಯಾವ ಅಪ್ಪ ತಾನೇ ಕೇಳಿದ್ದಾನೆ? ಮೋಹನದಾಸ ಚಪ್ಪಲಿ ಮೆಟ್ಟಿ ನೇರ ಎದುರು ಮನೆಯ ಕಿಟ್ಟಣ್ಣನಲ್ಲಿಗೆ ಓಡಿದ.

ಸಾಯಿ ದರ್ಶನ ಸೊಸೈಟಿಯಲ್ಲಿ ಸರಕಾರದ ಬಗ್ಗೆ ಏನೇ ಸಂಶಯ ಬಂದರೂ ಕೇಳಬೇಕಾದ್ದು ಕಿಟ್ಟಣ್ಣನನ್ನೇ. ಅವನು ಒಂದು ದೊಡ್ಡ ಸರಕಾರಿ ಕಚೇರಿಯಲ್ಲಿ ಇದ್ದು ನಿವೃತ್ತನಾದವನು. ಯಾವ ವಿಭಾಗ ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಅವನು "ಎಲ್ಲ ವಿಭಾಗದವರೂ ನಮ್ಮಲ್ಲಿಗೇ ಬರ್ತಿದ್ರು" ಎಂದು ಗಂಭೀರವಾಗಿ ಹೇಳುತ್ತಿದ್ದ.

ಕಿಟ್ಟಣ್ಣ ಕವರುಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ಕನ್ನಡಕ ಹಾಕಿ, ಮುಟ್ಟದೆ ಬಗ್ಗಿ ನೋಡಿದ.

"ಒಡೆದಿದ್ದೀಯಾ?"

"ಇಲ್ಲ ಕಿಟ್ಟಣ್ಣ."

"ಬದುಕಿದೆ! ಒಡೆದ್ರೆ ನೋಟೀಸು ಮುಟ್ಟಿತು ಅಂತ ಅರ್ಥ. ಒಡೆಯದಿದ್ರೆ ನೋಟೀಸು ಇನ್ನೂ ದಾರಿಯಲ್ಲೇ ಉಂಟು. ದಾರಿಯಲ್ಲಿರುವ ನೋಟೀಸಿಗೆ ಯಾವ ಕೋರ್ಟೂ ಎಂತ ಮಾಡ್ಲಿಕ್ಕೆ ಆಗುದಿಲ್ಲ."

"ಆದ್ರೆ ಎಲ್ಲ ಬೇರೆಬೇರೆ ಬಣ್ಣ ಎಂತಕ್ಕೆ?"

"ಒಬ್ಬೊಬ್ಬನ ಮೇಲೆ ಒಂದೊಂದು ಸೆಕ್ಷನ್. ಕಂದು ಅಂದ್ರೆ ವಿಚಾರಣೆ. ನೀಲಿ ಅಂದ್ರೆ ದಂಡ. ಕೆಂಪು ಪಟ್ಟಿ ಅಂದ್ರೆ..." ಕಿಟ್ಟಣ್ಣ ಮಾತು ನಿಲ್ಲಿಸಿ ಚೊಂಬಿನಿಂದ ನೀರು ಕುಡಿದ. ಮೋಹನದಾಸನೂ ಅದೇ ಚೊಂಬಿನಿಂದ ಕುಡಿದ.

"ಈ ನಗುವ ಫೋಟೋದ್ದು?"

"ಅದು ಎಲ್ಲಕ್ಕಿಂತ ಡೇಂಜರ್. ಸರಕಾರ ಸುಮ್ಮನೆ ನಗುದಿಲ್ಲ ಮಾರಾಯ."

ಹೊಟ್ಟೆ ಉಬ್ಬಿದ ಕವರು ಮರಗಮ್ಮನ ಹೆಸರಿನದು. ಕಿಟ್ಟಣ್ಣ ಅದರ ಗಟ್ಟಿ ಭಾಗವನ್ನು ಕಿರುಬೆರಳಿನಿಂದ ಒತ್ತಿ ಕೈ ಹಿಂದೆಗೆದ. "ಉದ್ದಕ್ಕೆ ಉಂಟು. ಜಿಪಿಎಸ್ಸು. ಕವರ್ ಎಲ್ಲಿ ಹೋಗ್ತದೆ, ಎಲ್ಲಿ ನಿಲ್ತದೆ, ಎಲ್ಲ ಅವರಿಗೆ ಅಲ್ಲಿ ಕೂತ್ಕೊಂಡೇ ಕಾಣ್ತದೆ. ಇದನ್ನು ತಣ್ಣಗಿನ ಜಾಗದಲ್ಲಿ ಇಡು, ಸಿಗ್ನಲ್ ಸಾಯ್ತದೆ."

ಹಾಗೆ ಮರಗಮ್ಮನ ಕವರು ಮೋಹನದಾಸನ ಫ್ರಿಜ್ಜಿನ ಫ್ರೀಜರಿನಲ್ಲಿ, ಬಂಗುಡೆ ಮೀನಿನ ಪಕ್ಕ ಮಲಗಿತು. ಉಳಿದವು ಅಕ್ಕಿಯ ಡಬ್ಬದೊಳಗೆ ಹೋದವು.

ಸರಕಾರಕ್ಕೆ ಇದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಹಟ ಹಿಡಿಯಿತೋ, ಕೆಲವು ದಿನ ಕಳೆದು ಎರಡನೆಯ ಕಂತು ಬಂತು. ಅದೇ ಹೆಸರುಗಳು, ಅದೇ ಬಣ್ಣಗಳು. 'ಸವಿನಯ ನೆನಪೋಲೆ' ಎಂಬ ಒಂದು ಮುದ್ರೆ ಹೆಚ್ಚಿಗೆ. ಆಮೇಲೆ ಮೂರನೆಯ ಕಂತು. ಡಬ್ಬದಲ್ಲಿ ಅಕ್ಕಿಗಿಂತ ಕವರು ಹೆಚ್ಚಾಯಿತು. ಸತ್ಯಭಾಮಾ ಅಕ್ಕಿ ಅಳೆಯಲು ಪಾವು ಹಾಕಿದರೆ ಅದರಲ್ಲಿ ಸರಕಾರವೇ ಬರುತ್ತಿತ್ತು. ಮೋಹನದಾಸನಿಗೆ ಊಟ ಸೇರದಾಯಿತು. ಪೋಸ್ಟಿನವನ ಸೈಕಲ್ ಕಂಡರೆ ಬೇರೆ ಗಲ್ಲಿಯಿಂದ ಸುತ್ತಿ ಬರತೊಡಗಿದ. ಹೆದರುವವರ ಮೇಲೆ ಕಪ್ಪೆ ಎಸೆದರು ಎನ್ನುತ್ತಾರಲ್ಲ, ಇಲ್ಲಿ ಸರಕಾರವೇ ಬಣ್ಣಬಣ್ಣದ ಕಪ್ಪೆಗಳನ್ನು ಎಸೆಯುತ್ತಿತ್ತು.

ಅವನ ಎದೆಯಲ್ಲಿದ್ದ ನಿಜವಾದ ಭಯ ಒಂದೇ. ಜೈಲಿನದಲ್ಲ, ಜೈಲಿನಲ್ಲಿ ಊಟವಾದರೂ ಕೊಡುತ್ತಾರೆ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ. ಇಲ್ಲದವರನ್ನು ಇದ್ದಾರೆ ಎಂದು ಬರೆಸಿದ್ದು ಹೊರಬಿದ್ದು ಈ ಅಡ್ರೆಸ್ಸೇ ರದ್ದಾದರೆ? ಯಂಕಪ್ಪನ ಮಗಳ ಶಾಲೆ ಏನಾದೀತು? ಚನಿಯನ ಬ್ಯಾಂಕು ಏನಾದೀತು? "ನಮ್ಮ ಅಡ್ರೆಸ್ ಹಾಕಿ" ಎಂದು ಕೊಟ್ಟ ಮಾತು ಅವರೆಲ್ಲರ ಕುತ್ತಿಗೆಗೆ ಬಂದೀತಲ್ಲ ಎಂದು ನೆನೆದರೆ ಅವನಿಗೆ ಗಲ್ಲಾದ ಮೇಲೆ ಕೂತಲ್ಲೇ ಬೆವರು ಒಡೆಯುತ್ತಿತ್ತು.

ಹೀಗಿರುವಾಗ ಸೊಸೈಟಿಯ ಸೆಕ್ರೆಟರಿ ಸಾಮಂತರು ಬಾಗಿಲು ತಟ್ಟಿದರು. ಒಳಗೆ ಬರದೆ, ದನಿ ತಗ್ಗಿಸಿ, "ಮೋಹನಶೇಟ್, ಸರ್ವೇವಾಲೇ ಶನಿವಾರೀ ಯೇಣಾರ್. ಖಾಸ್ ತುಮಚ್ಯಾ ಘರೀ," ಅಂದರು. ಸರ್ವೆಯವರು ಶನಿವಾರ ಬರುತ್ತಾರೆ, ಅದೂ ಮುದ್ದಾಂ ನಿಮ್ಮ ಮನೆಗೇ ಎಂದು ಹೇಳಿ, ಸಾವಿನ ಮನೆಯಲ್ಲಿ ನಿಂತವರಂತೆ ಒಂದು ಕ್ಷಣ ತಲೆ ತಗ್ಗಿಸಿ, ಹೋದರು.

ಅಡುಗೆಮನೆಯಲ್ಲಿ ತುರ್ತು ಸಭೆ ಸೇರಿತು. ಓಡಿಹೋಗುವ ಸಲಹೆ ಮೋಹನದಾಸನದು. ಎಲ್ಲ ಕವರು ಖಾಡಿಯ ನೀರಿಗೆ ಎಸೆಯುವ ಸಲಹೆ ಸತ್ಯಭಾಮಾಳದು. ಕಿಟ್ಟಣ್ಣ ಮಾತ್ರ ಕಣ್ಣು ಮುಚ್ಚಿ ಯೋಚಿಸಿ ಹೇಳಿದ: "ಕಾಗದದಲ್ಲಿ ಇರುವವರು ಮನೆಯಲ್ಲಿ ಇಲ್ಲ, ಅದಲ್ವಾ ಕೇಸು? ಕಾಗದ ಬದಲಿಸ್ಲಿಕ್ಕೆ ಆಗುದಿಲ್ಲ. ಮನೆ ಬದಲಿಸುವ. ಎಲ್ಲರನ್ನೂ ಕರೆಸು. ಶನಿವಾರ ಒಂದು ದಿನ ಅವರೆಲ್ಲ ಇಲ್ಲೇ ವಾಸ!"

ನಿಶ್ಮಿತಾ ಹಣೆ ಚಚ್ಚಿಕೊಂಡು ಕ್ಲಾಸಿಗೆ ಹೋದಳು.

ಶನಿವಾರ ಬೆಳಗಾಯಿತು. ಸಾನಪಾಡಾದಿಂದ ಚನಿಯ ತನ್ನ ಇಬ್ಬರು ಹುಡುಗರೊಂದಿಗೆ ಬಂದ. ಕಲ್ಯಾಣದಿಂದ ಯಂಕಪ್ಪ, ಮರಗಮ್ಮ ಒಂದು ಗಂಟು ಜೋಳದ ರೊಟ್ಟಿ ಹಿಡಿದು ಬಂದರು. ಒಂದು ದಿನದ ಕೂಲಿ ಹೋಯಿತೆಂದು ಯಾರೂ ಬಾಯಿ ಬಿಡಲಿಲ್ಲ, ಯಂಕಪ್ಪನಂತೂ ಬಾಗಿಲಲ್ಲೇ ಕೈ ಮುಗಿದು, "ಯಣ್ಣಾ, ನಮ್ಮಿಂದ ನಿಮ್ಗ ತ್ರಾಸ ಆತಲ್ರಿ. ಏನ್ ಹೇಳಂತೀರಿ ಹೇಳ್ರಿ, ಹೇಳ್ತೀವಿ," ಅಂದ.

ಕಿಟ್ಟಣ್ಣ ನಾಟಕದ ಮಾಸ್ತರನಂತೆ ಪಾತ್ರ ಹಂಚಿದ. ಚನಿಯ ಮೋಹನದಾಸನ ಭಾವ. ರಿತೇಶ, ಯೋಗೀಶ ಚಿಕ್ಕಪ್ಪನ ಮಕ್ಕಳು. ಯಂಕಪ್ಪ ಮೋಹನದಾಸನ ಸ್ವಂತ ಅಣ್ಣ.

"ಅಣ್ಣನಾ?" ಮೋಹನದಾಸ ಗಾಬರಿಯಾದ. "ನಾನು ಕಡಲಿನ ಬದಿಯವ, ಅವನು ರಾಯಚೂರಿನವ. ಮಾತು ಕೇಳಿದ್ರೆ ಗೊತ್ತಾಗುದಿಲ್ವಾ?"

"ಸರ್ವೆಯವರಿಗೆ ಎಲ್ಲ ಕನ್ನಡವೂ ಒಂದೇ. ಅವರಿಗೆ ನಾವೆಲ್ಲ ಮದ್ರಾಸಿಗಳು," ಎಂದು ಕಿಟ್ಟಣ್ಣ ಧೈರ್ಯ ತುಂಬಿದ.

ಆಮೇಲೆ ಮನೆಗೆ ಜನ ಇದ್ದ ಕಳೆ ಬರಿಸುವ ಕೆಲಸ. ಬಾಗಿಲಿನ ಹೊರಗೆ ಚಪ್ಪಲಿಗಳು ಸಾಲುಗಟ್ಟಿದವು. ಗ್ಯಾಲರಿಯ ಹಗ್ಗದ ಮೇಲೆ ಸತ್ಯಭಾಮಾಳ ನೈಟಿಯ ಪಕ್ಕ ಮರಗಮ್ಮನ ಇಳಕಲ್ ಸೀರೆ ಒಣಗತೊಡಗಿತು. ಅದು ಒದ್ದೆಯೇ ಆಗಿರಲಿಲ್ಲ. ಬಚ್ಚಲಿನಲ್ಲಿ ತಲೆಗೊಂದರಂತೆ ಹಲ್ಲುಜ್ಜುವ ಬ್ರಷ್ ನಿಲ್ಲಿಸಿದರು. ಎಲ್ಲ ಬ್ರಷ್ಷೂ ಹೊಸದಾಗಿ ಹೊಳೆಯುವುದನ್ನು ಕಂಡ ಸತ್ಯಭಾಮಾಳಿಗೆ ಎದೆ ಝಲ್ಲೆಂದಿತು. "ಸಿಕ್ಕಿಬೀಳ್ತೇವೆ ಇದ್ರಲ್ಲಿ!" ಮೋಹನದಾಸ ಬಚ್ಚಲಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಬ್ರಷ್ಷಿನಿಂದ ಟೈಲ್ಸ್ ಉಜ್ಜಿ ಉಜ್ಜಿ ಅವುಗಳಿಗೆ ವಯಸ್ಸು ತಂದ. ಆ ಬಚ್ಚಲು ಅಷ್ಟು ಚೊಕ್ಕಟವಾದದ್ದು ಗೃಹಪ್ರವೇಶದ ನಂತರ ಅದೇ ಮೊದಲು.

ಚಪ್ಪಲಿಯ ಸಾಲು ನೋಡಿ ಸೆಕ್ರೆಟರಿ ಸಾಮಂತರು ಸಿಡಿಲಿನಂತೆ ಬಂದರು. "ಕಾಯ್ ಹೇ? ಪೀಜಿ ಚಾಲೂ ಕೇಲಾ ಕಾ?" ಮನೆಯಲ್ಲಿ ಪೀಜಿ ಶುರು ಮಾಡಿದಿರಾ ಎಂಬ ಗರ್ಜನೆ ಅದು. ಮೋಹನದಾಸ ಸರ್ವೆಗಾಗಿ ಇವರನ್ನೆಲ್ಲ ಕರೆಸಿದ ವಿಷಯ ಹೇಳಿದ, ಅಕ್ಕಿಯ ಡಬ್ಬ ತೋರಿಸಿದ. ಕೆಂಪು ಪಟ್ಟಿ ಕಂಡದ್ದೇ ಸಾಮಂತರ ಮೀಸೆ ಇಳಿಯಿತು. ಬಾಗಿಲು ಹಾಕಿ, ಕುರ್ಚಿಯಲ್ಲಿ ಕುಸಿದು, ತಮ್ಮ ಹೆಸರಿಗೂ ಅಂಥದ್ದೇ ಒಂದು ಬಂದಿದೆ, ಒಡೆದಿಲ್ಲ, ಗಣಪತಿ ಫೋಟೋದ ಹಿಂದೆ ಇಟ್ಟಿದ್ದೇನೆ ಎಂದು ಮೆಲ್ಲಗೆ ಹಿಂದಿಯಲ್ಲಿ ಹೇಳಿಕೊಂಡರು. ತಾರಸಿಯ ಮೇಲೆ ನೀರಿನ ಟಾಕಿಯ ಪಕ್ಕ ಅವರು ಯಾರಿಗೂ ಹೇಳದೆ ಒಂದು ಕೋಣೆ ಕಟ್ಟಿಸಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಆ ಕಟ್ಟಡದಲ್ಲಿ ಮಾಳಿಗೆಗೊಬ್ಬರಿದ್ದರು. ಸಾಮಂತರು ಮನೆಗೆ ಹೋಗಲು ಒಪ್ಪಲಿಲ್ಲ. ಏನಾಗುತ್ತದೋ ನೋಡಿಯೇ ಹೋಗುತ್ತೇನೆಂದು ಅಲ್ಲೇ ಉಳಿದರು.

ಕಾಲಿಂಗ್ ಬೆಲ್ ಸದ್ದಾಯಿತು.

ಒಂದೇ ಕೋಣೆಯಲ್ಲಿ ಕಿಕ್ಕಿರಿದಿದ್ದ ಅಷ್ಟೂ ಜನ ಒಮ್ಮೆಲೇ ಎದ್ದು ನಿಂತರು. ಯಂಕಪ್ಪ ಮೋಹನದಾಸನ ಬೆನ್ನಿಗೆ ಕೈಕೊಟ್ಟು ಬಾಗಿಲ ಕಡೆ ದೂಡಿದ. ಬಾಗಿಲು ತೆರೆದರೆ ಪೊಲೀಸರಿಲ್ಲ, ಸಾಹೇಬರಿಲ್ಲ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು, ಹೆಗಲಿಗೆ ಭಾರದ ಚೀಲ ಹಾಕಿಕೊಂಡು, ಬಿಸಿಲಿಗೆ ಬಳಲಿದ ಒಬ್ಬ ಬಡಕಲು ಹುಡುಗಿ ನಿಂತಿದ್ದಳು. ಕೊರಳಲ್ಲಿ ಸರಕಾರಿ ಗುರುತಿನ ಚೀಟಿ. ಹೆಸರು ಮಾನಸಿ.

"ಮೋಹನದಾಸ್ ಜೀ ಕಾ ಘರ್?"

ಆ ಗುರುತಿನ ಚೀಟಿ ಕಂಡ ಕೂಡಲೇ ಮೋಹನದಾಸನ ರಕ್ತದಲ್ಲಿದ್ದ ಹೋಟೆಲು ಎಚ್ಚರವಾಯಿತು. ಇನ್ಸ್ಪೆಕ್ಟರು ಬಂದರೆ ಮೊದಲು ಮೇಜು ಒರೆಸು, ನೀರು ಇಡು, ಪ್ರಶ್ನೆ ಬರುವ ಮೊದಲು ಪ್ಲೇಟು ಬರಬೇಕು. ಅಟ್ಟದಲ್ಲಿ ಮಲಗಿದ್ದ ಕಾಲದಿಂದ ಅವನು ಕಲಿತ ವಿದ್ಯೆ ಅದು. ಚನಿಯನಿಗೂ ಹುಡುಗರಿಗೂ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಹುಡುಗಿ ಕೂರುವಷ್ಟರಲ್ಲಿ ರಿತೇಶ ನೀರು ತಂದ, ಯೋಗೀಶ ಗೋಳಿಬಜೆ ತಂದ, ಚನಿಯ ಒಳಗಿನಿಂದ "ಶೀರಾ ಒಂದ್ ನಿಮಿಷ!" ಎಂದು ಕೂಗಿದ. ಅವಳು ಚೀಲದಿಂದ ಟ್ಯಾಬ್ ತೆಗೆದಿಟ್ಟರೆ ಅದರ ಮೇಲೆ ಚಟ್ನಿಯ ಬಟ್ಟಲು ಬಂದು ಕೂತಿತು.

"ಅಂಕಲ್, ಪೆಹಲೇ ಏಕ್ ಸವಾಲ್..."

"ಪೆಹಲೇ ಗರಂ ಗರಂ ಖಾವೋ, ಮೇಡಂ!"

ಕಿಟ್ಟಣ್ಣ ಮೋಹನದಾಸನ ಕಿವಿಯ ಹತ್ತಿರ ಬಗ್ಗಿ, ಕನ್ನಡದಲ್ಲಿ, ಇಡೀ ಕೋಣೆಗೆ ಕೇಳುವ ಪಿಸುದನಿಯಲ್ಲಿ ಹೇಳಿದ: "ಸಣ್ಣ ಹುಡುಗಿ. ಹೆದರ್ಬೇಡ. ಹೊಟ್ಟೆ ತುಂಬಿದ್ರೆ ಪ್ರಶ್ನೆ ಕಡಿಮೆ ಆಗ್ತದೆ. ಇನ್ನೊಂದು ಪ್ಲೇಟ್ ಹಾಕು."

ಹುಡುಗಿ ಬಾಯಿಗೆ ಕರವಸ್ತ್ರ ಹಿಡಿದು ಕೆಮ್ಮಿದಳು. ಬಜೆ ಖಾರವಾಯಿತೇನೋ ಎಂದು ಸತ್ಯಭಾಮಾ ಸಕ್ಕರೆ ತಂದಳು.

ಶೀರಾ ಮುಗಿಯಿತು, ಚಹಾ ಮುಗಿಯಿತು. ಇನ್ನು ತಡೆಯಲು ಏನೂ ಉಳಿಯಲಿಲ್ಲ. ಈ ಮನೆಯಲ್ಲಿ ಸಾಮಾನ್ಯವಾಗಿ ಎಷ್ಟು ಜನ ಇರುತ್ತೀರಿ ಎಂದು ಹುಡುಗಿ ಹಿಂದಿಯಲ್ಲಿ ಕೇಳಿದಳು. ಮೋಹನದಾಸ ಕೋಣೆಯ ಸುತ್ತ ಕೈ ಬೀಸಿ "ಸಬ್" ಅಂದ. ಆ ಕೈಯ ಅಳವಿನೊಳಗೆ ಸಾಮಂತರೂ ಸಿಕ್ಕಿಕೊಂಡರು. ಅವರು ಬಾಯಿ ತೆರೆದವರು ತಾರಸಿಯ ನೆನಪಾಗಿ ಮುಚ್ಚಿಕೊಂಡರು.

"ಯೇ ಕೌನ್?"

"ಮೇರಾ ಭಾಯಿ. ಸಗಾ ಭಾಯಿ," ಎಂದು ಯಂಕಪ್ಪನನ್ನು ತೋರಿಸಿದ.

ಹುಡುಗಿ ಮರಗಮ್ಮನ ಕಡೆ ತಿರುಗಿದಳು. "ಮೌಸೀ, ಆಪ್ ಯಹಾಂ ಕಬ್ ಸೇ ರೆಹತೀ ಹೋ?"

ಎಂದಿನಿಂದ ಇಲ್ಲಿದ್ದೀರಿ ಎಂಬ ಈ ಪ್ರಶ್ನೆಗೆ ಕಿಟ್ಟಣ್ಣ 'ಹನ್ನೆರಡು ವರ್ಷದಿಂದ' ಎಂಬ ಉತ್ತರವನ್ನು ಬೆಳಗಿನಿಂದ ಬಾಯಿಪಾಠ ಮಾಡಿಸಿದ್ದ. ಮರಗಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಬಾಯಿ ತೆರೆದಳು. ಎದುರಿಗಿದ್ದ ಬಿಸಿಲಿಗೆ ಕಂದಿದ ಮುಖ ನೋಡಿದಳೋ ಏನೋ, ಸುಳ್ಳು ಗಂಟಲಲ್ಲೇ ಕರಗಿತು.

"ಮುಂಜಾನಿ ಬಂದೀವ್ರಿ ತಾಯಿ," ಅಂದಳು ಕನ್ನಡದಲ್ಲಿ. "ಸಂಜಿಗಿ ವಾಪಸ್ ಹೊಕ್ಕೀವಿ."

ಮೋಹನದಾಸ ಹುಡುಗಿಯ ಮುಖ ನೋಡಿದ. ಆ ಮುಖದಲ್ಲಿ ಎಲ್ಲ ಅರ್ಥವಾದ ಒಂದು ಕಳೆ ಇತ್ತು. ಅಷ್ಟೇ, ಒಳಗೆ ಕಟ್ಟಿಟ್ಟದ್ದೆಲ್ಲ ಒಡೆಯಿತು.

"ಮೇಡಂ, ಸಬ್ ಮೇರೀ ಗಲತೀ!" ಅವನು ಎರಡೂ ಕೈ ಮುಂದೆ ಚಾಚಿದ. "ಇವರು ಯಾರೂ ಇಲ್ಲಿ ಇರುದಿಲ್ಲ. ಅಡ್ರೆಸ್ ನಾನೇ ಕೊಟ್ಟದ್ದು. ಇವ ಅಣ್ಣ ಅಲ್ಲ. ಬ್ರಷ್ ಎಲ್ಲ ನಿನ್ನೆ ತಂದದ್ದು, ನಾನೇ ಟೈಲ್ಸಿಗೆ ಉಜ್ಜಿದ್ದು. ಕೇಬಲ್ ಕಿಟ್ಟಣ್ಣನ ಮನೆಯಿಂದ ಎಳೆದದ್ದು. ಒಂದು ಸಲ ದಿವಾ ಸ್ಟೇಷನ್ನಿಂದ ಫಸ್ಟ್ ಕ್ಲಾಸಲ್ಲಿ ಬಂದಿದ್ದೇನೆ, ಮಳೆ ಇತ್ತು, ಜನ ದೂಡಿದ್ದು. ನನ್ನನ್ನು ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ಇವರ ಹೆಸರು ಮಾತ್ರ ಕೀಳ್ಬೇಡಿ. ಅವರ ಹುಡುಗಿ ಶಾಲೆಗೆ ಹೋಗ್ತಾ ಉಂಟು!"

ಹಿಂದಿಯಲ್ಲಿ ಹೊರಟ ಮಾತು ನಡುದಾರಿಯಲ್ಲಿ ಕನ್ನಡವಾದದ್ದು ಅವನಿಗೆ ತಿಳಿಯಲೇ ಇಲ್ಲ. ತಪ್ಪೊಪ್ಪಿಗೆ ಅಂಟುರೋಗವಿರಬೇಕು. ಮಾತು ತಿಳಿಯದಿದ್ದರೂ ಚಾಚಿದ ಕೈ ನೋಡಿದ ಸಾಮಂತರು ತಟ್ಟನೆ ಎದ್ದು, "ಟೆರೇಸ್ ವಾಲಾ ರೂಮ್ ಮೇರಾ ಹೈ!" ಎಂದರು. ಅದರ ಬೆನ್ನಿಗೇ ಕಿಟ್ಟಣ್ಣ ಕನ್ನಡಕ ತೆಗೆದು, ತಗ್ಗಿದ ದನಿಯಲ್ಲಿ, "ನಾನು ಆಫೀಸಿನ ಕ್ಯಾಂಟೀನಲ್ಲಿ ಸಾಂಬಾರ್ ಬಡಿಸ್ತಾ ಇದ್ದದ್ದು. ಫೈಲ್ ಮುಟ್ಟಿದವನಲ್ಲ," ಅಂದ. ಎಲ್ಲ ವಿಭಾಗದವರೂ ಅಲ್ಲಿಗೇ ಬರುತ್ತಿದ್ದುದು ನಿಜವೇ ಆಗಿತ್ತು.

ಹುಡುಗಿ ಎರಡೂ ಕೈ ಎತ್ತಿದಳು.

"ಅಂಕಲ್, ಸಾಕ್ರಿ! ನಂಗ ಇದ್ಯಾವ್ದೂ ಬ್ಯಾಡ."

ಅಪ್ಪಟ ಕಲಬುರಗಿ ಕಡೆಯ ಕನ್ನಡ. "ನಮ್ಮಪ್ಪ ಆಳಂದದವ್ರು. ನಾ ಸೊಲ್ಲಾಪುರದಾಗ ಹುಟ್ಟಿ ಬೆಳದಾಕಿ. ಬಂದಾಗಿಂದ ಎಲ್ಲಾ ತಿಳೀಲತದ," ಎಂದು ಅವಳು ಕಿಟ್ಟಣ್ಣನ ಕಡೆ ನೋಡಿದಳು. "ಹೊಟ್ಟಿ ತುಂಬಿದ್ರೂ ಪ್ರಶ್ನಾ ಕಮ್ಮಿ ಆಗಲ್ಲ ಅಜ್ಜಾರ."

ಆಮೇಲೆ ಅವಳು ಬಿಡಿಸಿ ಹೇಳಿದಳು. ಸರ್ವೆ ಇನ್ನೂ ಶುರುವೇ ಆಗಿಲ್ಲ. ಮುಂದೆಂದೋ ದೊಡ್ಡ ಸರ್ವೆ ಮಾಡುವ ಮೊದಲು, ಎಂಥ ಕವರು ಕಳಿಸಿದರೆ ಜನ ಒಡೆದು ನೋಡಿ ಉತ್ತರ ಬರೆಯುತ್ತಾರೆ ಎಂದು ಪರೀಕ್ಷೆ ನಡೆಯುತ್ತಿದೆ. ಕೆಲವರಿಗೆ ಕಂದು, ಕೆಲವರಿಗೆ ನೀಲಿ, ಕೆಲವರಿಗೆ ನಗುವ ಫೋಟೋ, ಕೆಲವರಿಗೆ ಕೆಂಪು ಪಟ್ಟಿ. ಕವರು ಕಳಿಸಿದ್ದು ಮನೆಗೊಂದರಂತಲ್ಲ, ಹೆಸರಿಗೊಂದರಂತೆ. ಊರಿಡೀ ಹುಡುಕಿದರೂ ಎಲ್ಲ ಬಣ್ಣದ ಕವರೂ ಹೋದದ್ದು ಇದೊಂದೇ ಅಡ್ರೆಸ್ಸಿಗೆ, ಒಂದಕ್ಕೂ ಉತ್ತರ ಬಾರದೆ ಇದ್ದದ್ದೂ ಇಲ್ಲಿಂದಲೇ. ಹಾಗಾಗಿ ಅವಳು ಕೇಳಬಂದ ನಿಜವಾದ ಪ್ರಶ್ನೆ ಒಂದೇ: ಯಾಕೆ ಒಡೆಯಲಿಲ್ಲ?

ಉತ್ತರವಾಗಿ ಮೋಹನದಾಸ ಅಕ್ಕಿಯ ಡಬ್ಬ ತಂದು ಬೋರಲು ಹಾಕಿದ. ಮಾನಸಿ ಅಕ್ಕಿ ಕೊಡವಿ ಕೆಂಪು ಪಟ್ಟಿಯ ಕವರನ್ನು ಅವನ ಕೈಯಲ್ಲೇ ಒಡೆಸಿದಳು. ಒಳಗೆ ಒಂದೇ ಹಾಳೆ. ಅದರ ಮೊದಲ ಸಾಲನ್ನು ಅವಳು ಬೆರಳಿಟ್ಟು ಕನ್ನಡದಲ್ಲಿ ಓದಿದಳು: 'ಇದರಲ್ಲಿ ಭಾಗವಹಿಸುವುದು ಸಂಪೂರ್ಣ ನಿಮ್ಮ ಇಷ್ಟ. ಇಷ್ಟವಿಲ್ಲದಿದ್ದರೆ ಈ ಪತ್ರವನ್ನು ಗಮನಿಸದೆ ಬಿಡಬಹುದು.'

ಕಿಟ್ಟಣ್ಣ ಕನ್ನಡಕವನ್ನು ಮತ್ತೆ ಮೂಗಿಗೇರಿಸಿ, "ನಾನು ಮೊದಲ ದಿನವೇ ಹೇಳಿದ್ದು ಅದನ್ನೇ ಅಲ್ವಾ?" ಅಂದ.

ಫ್ರೀಜರಿನಿಂದ ಮರಗಮ್ಮನ ಕವರು ಹೊರಬಂತು. ಒಡೆದರೆ ಒಳಗಿನಿಂದ ಮೀನಿನ ವಾಸನೆಯ ಒಂದು ಪೆನ್ನು ಜಾರಿಬಿತ್ತು. ಉಡುಗೊರೆ ಇಟ್ಟರೆ ಜನ ಉತ್ತರ ಬರೆದಾರೇನೋ ಎಂದು ಸರಕಾರ ಇಟ್ಟದ್ದು. ಮರಗಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಬೆಚ್ಚಗೆ ಹಿಡಿದುಕೊಂಡಳು. ಮಗಳಿಗಾಯಿತು ಅಂದಳು.

"ಹಾಗಾದ್ರೆ ನಮ್ಮ ಮನೆಯ ಬಗ್ಗೆ ಎಂತ ಬರೀತೀರಿ?" ಮೋಹನದಾಸ ಇನ್ನೂ ಪೂರ್ತಿ ಕೂತಿರಲಿಲ್ಲ.

"ಏನಿಲ್ರಿ. ಎಲ್ಲಾ ಬಣ್ಣಾ ಒಂದೇ ಮನ್ಯಾಗ ಕೂಡ್ಯಾವ, ಪರೀಕ್ಷಾ ಕೆಟ್ಟದ. ನಿಮ್ ಮನಿ ಲೆಕ್ಕಕ್ಕಿಲ್ಲ."

ಬದುಕಿದೆಯಾ ಬಡಜೀವವೇ ಎಂದು ಸಂತೋಷಪಡಬೇಕಾದ ಮಾತು. ಆದರೆ ಮನುಷ್ಯನ ಸ್ವಭಾವ ನೋಡಿ. ಇಷ್ಟು ದಿನ ಲೆಕ್ಕಕ್ಕೆ ಸಿಕ್ಕಿಬಿಟ್ಟೆನೆಂದು ಊಟ ಬಿಟ್ಟಿದ್ದ ಮೋಹನದಾಸನ ಮುಖ ಕೆಂಪಾಯಿತು.

"ಲೆಕ್ಕಕ್ಕಿಲ್ಲ ಅಂದ್ರೆ ಎಂತ? ಇಷ್ಟು ಜನ ಕೆಲಸ ಬಿಟ್ಟು ಬಂದು ಕೂತಿದ್ದಾರೆ! ಬೇರೆ ಯಾವ ಮನೆಯಲ್ಲಿ ನಿಮಗೆ ಇಷ್ಟು ಜನ ಸಿಕ್ಕಿದ್ದಾರೆ ಹೇಳಿ?"

ಮರಗಮ್ಮ ನಡುವೆ ಬಾಯಿ ಹಾಕಿದಳು. "ತಾಯಿ, ನಾವು ಇಲ್ಲಿ ಇರಲ್ರಿ, ಖರೆ. ಸೈಟ್ ಮುಗದ್ರ ಶೆಡ್ ಕಿತ್ತಾಕ್ತಾರ, ಮತ್ತ ಎಲ್ಲೆರೆ ಹೊಕ್ಕೀವಿ. ಆದ್ರ ನಮ್ ಹೆಸರಿಗಿ ಕಾಗದ ಬಂದ್ರ ಹೊಳ್ಳಿ ಹೋಗಲಾರದ ಮನಿ ಇದೊಂದೇ ಐತ್ರಿ."

ಸತ್ಯಭಾಮಾ ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟಳು. ಅಷ್ಟೂ ಜನಕ್ಕಾಗುವ ದೊಡ್ಡ ಪಾತ್ರೆ ಇಳಿಸಿದ ಸದ್ದು ಹೊರಗೆ ಕೇಳಿತು.

ಮಾನಸಿ ಟ್ಯಾಬ್ ಮುಚ್ಚಿದಳು. ಚೀಲ ಹೆಗಲಿಗೇರಿಸಿದವಳು ಬಾಗಿಲವರೆಗೆ ಹೋದಳು. ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನು ಹುಡುಕುವ ನೆವದಲ್ಲಿ ತುಸು ಹೊತ್ತು ನಿಂತಳು. ಆಮೇಲೆ ತಿರುಗಿ, ಇಷ್ಟು ಹೊತ್ತಿನ ಸರಕಾರಿ ದನಿ ಬಿಟ್ಟು, ನೆಲ ನೋಡುತ್ತಾ ಕೇಳಿದಳು.

"ಅಂಕಲ್... ನಂದೂ ಕಾಂಟ್ರಾಕ್ಟ್ ನೌಕರೀನೇ. ಐರೋಲಿಯಾಗ ಒಂದು ಪೀಜಿಯಾಗ ಇದ್ದೀನಿ. ಪೀಜಿ ನಡಸೋ ಆಂಟಿ ಅಗ್ರಿಮೆಂಟ್ ಕೊಡವಲ್ಲರು. ಬ್ಯಾಂಕಿನ್ಯಾಗ ಅಡ್ರೆಸ್ ಕೇಳ್ಲತಾರ..."

ಮೋಹನದಾಸ ಕಿಟ್ಟಣ್ಣನನ್ನು ನೋಡಿದ. ಕಿಟ್ಟಣ್ಣ ಬೇಡವೆಂದು ತಲೆಯಾಡಿಸಿದ. ಸಾಮಂತರನ್ನು ನೋಡಿದ, ಅವರು ತಾರಸಿಯ ಕಡೆ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಸತ್ಯಭಾಮಾಳನ್ನು ನೋಡಲು ಧೈರ್ಯ ಸಾಲಲಿಲ್ಲ. ಆದರೂ ಎದೆ ತಾನಾಗಿಯೇ ಉಬ್ಬಿತು, ಹಾಳು ಬಾಯಿ ತಾನಾಗಿಯೇ ತೆರೆಯಿತು.

"ಅದಕ್ಕೆಲ್ಲ ಎಂತಕ್ಕೆ ತಲೆಬಿಸಿ ಮಗಾ? ನಮ್ಮ ಅಡ್ರೆಸ್ ಹಾಕು!"

ಒಳಗೆ ಸೌಟು ಕೆಳಗೆ ಬಿದ್ದ ಸದ್ದಾಯಿತು.

ಮಳೆಗಾಲ ಮುಗಿಯುತ್ತಾ ಬಂದಾಗ ಒಂದು ಸಂಜೆ ಮೋಹನದಾಸ ಟಪ್ಪಾಲು ಪೆಟ್ಟಿಗೆ ತೆರೆದ. ಒಳಗೆ ಒಂದೇ ಒಂದು ಕವರು. ಮೇಲೆ ಸರಕಾರದ ಮೊಹರು. ಹೆಸರು ಮಾನಸಿ, ಕೇರ್ ಆಫ್ ಮೋಹನದಾಸ. ಅವಳದೇ ಕಚೇರಿ, ಅವಳಿಗೇ ಕಳಿಸಿದ ಸರ್ವೆಯ ಆಮಂತ್ರಣ. ಬೇರೆಯವರ ಕಾಗದ ಒಡೆಯಬಾರದೆಂದು ಹಾಗೇ ಹಿಡಿದುಕೊಂಡು, ಮೆಟ್ಟಿಲಿನ ಮೇಲೆ ಕೂತು ಅವಳಿಗೆ ಫೋನ್ ಹಚ್ಚಿದ. ಬಹಳ ದಿನಗಳ ನಂತರ ಹಗುರಾದ ಮನಸ್ಸಿನಿಂದ, ನಗುತ್ತಲೇ ಹೇಳಿದ.

"ಮಾನಸೀ, ನಿನಗೆ ಸರಕಾರದಿಂದ ಒಂದು ಕವರ್ ಬಂದಿದೆ, ಮಗಾ."

ಆ ಕಡೆ ಲೋಕಲ್ ಟ್ರೇನಿನ ಗದ್ದಲ ಕೇಳುತ್ತಿತ್ತು. ಅದರ ನಡುವೆ ಅವಳು ಹೆದರಿದ ಸಣ್ಣ ದನಿಯಲ್ಲಿ ಕೇಳಿದಳು:

"ಯಾವ ಬಣ್ಣದ್ದು, ಅಂಕಲ್?"